‘ಆಳು ಸಿಗ್ತಿಲ್ಲ’ ಅಂತ ಬರೆಯುವ ಮುಂಚೆ ಆಳನ್ನು ಕೇಳಿದ್ದೀವಾ?

ಸುಗ್ಗಿ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ‘ಕೂಲಿಯಾಳುಗಳ ಕೊರತೆ, ರೈತರು ಕಂಗಾಲು’. ಅದರೊಳಗೆ ಮೂವರು ಮಾತಾಡಿರುತ್ತಾರೆ. ಒಬ್ಬರು ಜಮೀನಿನ ಯಜಮಾನರು, ಒಬ್ಬರು ರೈತ ಮುಖಂಡರು, ಇನ್ನೊಬ್ಬರು ಇಲಾಖೆಯ ಅಧಿಕಾರಿ. ಕಾರಣವೂ ರೆಡಿ ಇರುತ್ತದೆ: ಫ್ರೀ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿಬಿಟ್ಟರು. 2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ಈ ಮಾತು ಟೀ ಅಂಗಡಿಯಿಂದ ಟೀ ಅಂಗಡಿಗೆ ಓಡಾಡುತ್ತಿದೆ. ಕೂಲಿಗೆ ಬಾರದೇ ಇರುವ ಆ ಹೆಂಗಸು, ಆ ಗಂಡಸು ಮಾತ್ರ ಸುದ್ದಿಯಲ್ಲಿ ಎಲ್ಲೂ ಇರುವುದಿಲ್ಲ. ಸುದ್ದಿ ಅವರ ಬಗ್ಗೆಯೇ. ಆದರೆ ಅವರಿಗೊಂದು ಫೋನ್ ಹೋಗಿರುವುದಿಲ್ಲ.

ಇದೇ ದೂರು 1890ರ ಹೊತ್ತಿಗೆ ಜರ್ಮನಿಯ ಪೂರ್ವ ಭಾಗದ ಜಮೀನ್ದಾರರ ಬಾಯಲ್ಲೂ ಇತ್ತು. ಆ ದೂರಿನ ಕಾಗದಪತ್ರಗಳು ಕಾನೂನು ಓದಿದ್ದ, ಇನ್ನೂ ಮೂವತ್ತು ತುಂಬದ ಒಬ್ಬ ಯುವಕನ ಕೈಗೆ ಬಂದವು. ಆತನ ಹೆಸರು ಮ್ಯಾಕ್ಸ್ ವೆಬರ್.

ಪಿಯುಸಿಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡವರಿಗೆ ಹೆಸರು ನೆನಪಿರಬಹುದು. ‘ಸಾಮಾಜಿಕ ಕ್ರಿಯೆಯ ನಾಲ್ಕು ವಿಧಗಳು, ಐದು ಅಂಕ’ ಅನ್ನುವ ರೀತಿಯ ನೆನಪು. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ನನಗೂ ಆತ ಸಿಕ್ಕಿದ್ದು ಹಾಗೆಯೇ, ನೋಟ್ಸಿನಲ್ಲಿ. ಆದರೆ ಆ ನಾಲ್ಕು ವಿಧಗಳ ಹಿಂದೆ ಒಂದು ಹೊಲದ ಕಥೆ ಇದೆ. ನಮ್ಮಂಥ ಹಳ್ಳಿ ವರದಿಗಾರರಿಗೆ ಅದೇ ಮುಖ್ಯ ಎಂದು ನನ್ನ ವಾದ.

ಎಲ್ಬೆ ನದಿಯ ಪೂರ್ವಕ್ಕೆ ಪ್ರಷ್ಯಾದ ದೊಡ್ಡ ದೊಡ್ಡ ಜಮೀನುಗಳಿದ್ದವು. ಅವುಗಳ ಒಡೆಯರಿಗೆ ಯುಂಕರ್ ಅನ್ನುತ್ತಿದ್ದರು. ಅಲ್ಲಿ ವರ್ಷದ ಕರಾರಿನ ಮೇಲೆ ದುಡಿಯುವ ಕುಟುಂಬಗಳಿದ್ದವು. ಅವರಿಗೆ ಇರಲು ಮನೆ, ಬಿತ್ತಿಕೊಳ್ಳಲು ಒಂದು ತುಂಡು ಭೂಮಿ, ಹಸು ಮೇಯಿಸಲು ಜಾಗ, ಒಕ್ಕಣೆ ಆದಾಗ ರಾಶಿಯಲ್ಲಿ ಒಂದು ಪಾಲು. ಕೈಗೆ ಬರುವ ರೊಕ್ಕ ಕಡಿಮೆ. ಆದರೆ ಹೊಟ್ಟೆಗೆ ಮೋಸವಿರಲಿಲ್ಲ. ಹಾಗಿದ್ದೂ ಆ ಕುಟುಂಬಗಳು ಊರು ಬಿಡುತ್ತಿದ್ದವು. ಕೆಲವರು ಪಶ್ಚಿಮದ ಕಾರ್ಖಾನೆಗಳಿಗೆ, ಕೆಲವರು ಹಡಗು ಹತ್ತಿ ಅಮೆರಿಕಕ್ಕೆ. ಅವರ ಜಾಗಕ್ಕೆ ಗಡಿಯಾಚೆಯಿಂದ ಪೋಲಿಷ್ ಕೂಲಿಗಳು ಬರುತ್ತಿದ್ದರು. ಹಂಗಾಮು ಮುಗಿದು ಚಳಿಗಾಲ ಬಂದರೆ ಅವರು ವಾಪಸ್ ಹೋಗಬೇಕಿತ್ತು. ‘ಆಳು ಸಿಗುತ್ತಿಲ್ಲ’ ಎಂಬ ಕೂಗು ಎದ್ದಿತು.

ಸಾಮಾಜಿಕ ನೀತಿಯ ಬಗ್ಗೆ ಕೆಲಸ ಮಾಡುತ್ತಿದ್ದ ವಿದ್ವಾಂಸರ ಒಂದು ಸಂಘ ಇದನ್ನು ತನಿಖೆ ಮಾಡಲು ಹೊರಟಿತು. ಪ್ರಶ್ನಾವಳಿ ತಯಾರಾಯಿತು. ಕೂಲಿ ಎಷ್ಟು, ಕೆಲಸ ಎಷ್ಟು ಹೊತ್ತು, ಮನೆ ಹೇಗಿದೆ, ಮಕ್ಕಳು ದುಡಿಯುತ್ತಾರಾ, ಎಲ್ಲವನ್ನೂ ಕೇಳಿದ್ದರು. ಎರಡು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಪೂರ್ವದ ಪ್ರಾಂತ್ಯಗಳ ಉತ್ತರಗಳನ್ನು ಓದಿ ಬರೆದುಕೊಡುವ ಕೆಲಸ ವೆಬರ್ ಪಾಲಿಗೆ ಬಂತು. 1892ರಲ್ಲಿ ಆತ ಒಪ್ಪಿಸಿದ್ದು ಸುಮಾರು 900 ಪುಟದ ವರದಿ.

ಆ ಪ್ರಶ್ನಾವಳಿ ಹೋಗಿದ್ದು ಯಾರಿಗೆ ಗೊತ್ತಾ? ಜಮೀನ್ದಾರರಿಗೆ. ಕೂಲಿಯವರ ಬದುಕಿನ ಬಗ್ಗೆ ಉತ್ತರ ಬರೆದವರು ಕೂಲಿ ಕೊಡುವವರು!

ವೆಬರ್ ಇದನ್ನು ಗಮನಿಸದೆ ಬಿಡಲಿಲ್ಲ. ಉತ್ತರ ಬರೆದವರು ಒಂದು ಪಕ್ಷದವರು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು ಎಂದ. ಬೆನ್ನಲ್ಲೇ ಇನ್ನೊಂದು ಸರ್ವೆಗೂ ಕೈ ಹಾಕಿದ. ಈ ಸಲ ಜೊತೆಗಿದ್ದವನು ಪಾಲ್ ಗ್ಯೋರೆ ಎಂಬ ಪಾದ್ರಿ. ಈ ಗ್ಯೋರೆ ನಮ್ಮ ಕಸುಬಿನವರಿಗೆ ಇಷ್ಟವಾಗುವ ಆಸಾಮಿ. ತಾನು ಯಾರೆಂದು ಹೇಳದೆ ಕೆಮ್ನಿಟ್ಸ್ ಊರಿನ ಕಾರ್ಖಾನೆಯಲ್ಲಿ ಮೂರು ತಿಂಗಳು ಕೆಲಸಗಾರನಾಗಿ ದುಡಿದು, ಅದರ ಬಗ್ಗೆ 1891ರಲ್ಲಿ ಪುಸ್ತಕ ಬರೆದಿದ್ದ. ಇಬ್ಬರೂ ಸೇರಿ ಈ ಬಾರಿ ಪ್ರಶ್ನೆಗಳನ್ನು ಹಳ್ಳಿಗಳ ಪಾದ್ರಿಗಳಿಗೆ ಕಳಿಸಿದರು. ಪಾದ್ರಿಗೆ ಕೂಲಿಯವರ ಮನೆಯೊಳಗಿನ ವಿಷಯ ಗೊತ್ತಿರುತ್ತದೆ, ಕೂಲಿ ಲೆಕ್ಕದಲ್ಲಿ ಆತನ ಜೇಬಿಗೆ ಲಾಭ ನಷ್ಟವಿಲ್ಲ ಎಂಬ ಲೆಕ್ಕಾಚಾರ. ಇದೂ ಕೂಲಿಯವನ ಬಾಯಿಂದಲೇ ಕೇಳಿದ ಹಾಗಲ್ಲ. ಆದರೂ ಒಂದು ಹೆಜ್ಜೆ ಹತ್ತಿರ.

ಅಷ್ಟರಲ್ಲಿ ಆತನಿಗೆ ಹೊಳೆದದ್ದೇನು? ಕೂಲಿಯ ಅಂಕಿ ಎಷ್ಟೇ ಜೋಡಿಸಿದರೂ ಜನ ಯಾಕೆ ಹೋಗುತ್ತಿದ್ದಾರೆ ಎಂಬುದು ಅದರಿಂದ ಹೊರಡುತ್ತಿರಲಿಲ್ಲ. ಪಶ್ಚಿಮ ಪ್ರಷ್ಯಾದ ಜನಗಣತಿ ನೋಡಿದರೆ, ಬರಡು ಭೂಮಿ ಇದ್ದ ಕಡೆಯಿಂದ ಜನ ಓಡಿಹೋಗಿರಲಿಲ್ಲ. ಒಳ್ಳೆಯ ಮಣ್ಣು, ದೊಡ್ಡ ಜಮೀನು ಇದ್ದ ಕಡೆಯಿಂದಲೇ ಜರ್ಮನ್ ಕೂಲಿಗಳು ಖಾಲಿಯಾಗುತ್ತಿದ್ದರು. ಹಸಿವು ಕಾರಣವಾಗಿದ್ದರೆ ಲೆಕ್ಕ ಉಲ್ಟಾ ಇರಬೇಕಿತ್ತು. ವೆಬರ್ ಕೊಟ್ಟ ಕಾರಣ ಇದು: ಆ ಜಮೀನುಗಳಲ್ಲಿ ಇದ್ದದ್ದು ಒಡೆಯ ಮತ್ತು ಆಳು, ಎರಡೇ ಜಾತಿ. ತಾನು ಆಳು, ತನ್ನ ಮಗ ಆಳು, ಮೊಮ್ಮಗನೂ ಯಾರದೋ ಗಂಟೆ ಬಾರಿಸಿದಾಗ ಯಾರದೋ ಹೊಲಕ್ಕೆ ಇಳಿಯಬೇಕು. ಊರು ಬಿಟ್ಟವರು ತೊರೆದದ್ದು ಆ ಬಾಗಿಲು ಮುಚ್ಚಿದ ಬದುಕನ್ನು. ಪೇಟೆಯಲ್ಲಿ ಹೊಟ್ಟೆಗೆ ಕಷ್ಟವೇ ಇರಬಹುದು. ಆದರೆ ಅಲ್ಲಿ ಯಾರ ಮುಂದೆಯೂ ಟೋಪಿ ತೆಗೆದು ನಿಲ್ಲಬೇಕಿಲ್ಲ.

ಜಮೀನ್ದಾರರ ಕಣ್ಣಿಗೆ ಇದು ಕೃತಘ್ನತೆ. ಹೋದವರಿಗೆ ಅದು ಬಿಡುಗಡೆ. ಕೆಲಸ ಒಂದೇ, ಊರು ಬಿಡುವುದು. ಅದರ ಅರ್ಥ ಯಾರ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಇದನ್ನೇ ಮುಂದೆ ವೆಬರ್ ಒಂದು ಶಾಸ್ತ್ರವಾಗಿ ಬೆಳೆಸಿದ. 1897ರ ನಂತರ ಕೆಲವು ವರ್ಷ ಮನಸ್ಸಿನ ಕಾಯಿಲೆಯಿಂದ ಆತನಿಗೆ ಪಾಠವನ್ನೂ ಮಾಡಲಾಗಲಿಲ್ಲ, ಬರೆಯಲೂ ಆಗಲಿಲ್ಲ. ಎದ್ದು ಕೂತ ಮೇಲೆ ಬರೆದದ್ದೇ ಇವತ್ತು ಓದುವ ಬಹುಪಾಲು ಕೃತಿಗಳು. 1920ರಲ್ಲಿ, 56ನೇ ವಯಸ್ಸಿಗೆ, ನ್ಯುಮೋನಿಯಾದಿಂದ ತೀರಿಕೊಂಡ. ‘ಅರ್ಥವ್ಯವಸ್ಥೆ ಮತ್ತು ಸಮಾಜ’ ಎಂಬ ದೊಡ್ಡ ಪುಸ್ತಕವನ್ನು ಪ್ರಕಟಣೆಗೆ ಸಿದ್ಧಮಾಡಿ ಹೊರತಂದವಳು ಹೆಂಡತಿ ಮರಿಯಾನೆ.

ಆ ಪುಸ್ತಕದ ಮೊದಲ ಪುಟಗಳಲ್ಲಿ ಆತ ಕೊಡುವ ಉದಾಹರಣೆಗಳು ನಮ್ಮ ಊರಿನವರಿಗೂ ಅರ್ಥವಾಗುವಂಥವು. ಒಬ್ಬ ಕಟ್ಟಿಗೆ ಒಡೆಯುತ್ತಿದ್ದಾನೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ಕಟ್ಟಿಗೆ ಒಡೆಯುತ್ತಿದ್ದಾನೆ ಎಂದು. ಆದರೆ ಯಾಕೆ? ಕೂಲಿಗೋ, ತನ್ನ ಮನೆಯ ಒಲೆಗೋ, ಸುಮ್ಮನೆ ಮೈ ಸಡಿಲ ಮಾಡಿಕೊಳ್ಳಲೋ, ಯಾರ ಮೇಲಿನ ಸಿಟ್ಟನ್ನೋ ಕೊಡಲಿಯಲ್ಲಿ ತೀರಿಸಿಕೊಳ್ಳುತ್ತಿದ್ದಾನೋ? ಕಣ್ಣಿಗೆ ಕಂಡದ್ದು ಒಂದು ತಿಳಿವಳಿಕೆ, ಕಾರಣ ತಿಳಿದದ್ದು ಇನ್ನೊಂದು. ಫೋಟೊ ತೆಗೆದು ‘ಕಟ್ಟಿಗೆ ಒಡೆಯುತ್ತಿರುವ ವ್ಯಕ್ತಿ’ ಎಂದು ಕ್ಯಾಪ್ಷನ್ ಹಾಕಿದರೆ ಮೊದಲನೆಯದಷ್ಟೇ ಮುಗಿಯಿತು.

ಮತ್ತೊಂದು. ಮಳೆ ಬಂತು, ರಸ್ತೆಯಲ್ಲಿದ್ದವರೆಲ್ಲ ಒಟ್ಟಿಗೆ ಛತ್ರಿ ಬಿಚ್ಚಿದರು. ನೂರು ಜನ ಒಂದೇ ಕೆಲಸ ಮಾಡಿದರೂ ಇದು ಸಾಮಾಜಿಕ ಕ್ರಿಯೆಯಲ್ಲ, ಯಾಕೆಂದರೆ ಯಾರೂ ಇನ್ನೊಬ್ಬರನ್ನು ನೋಡಿ ಮಾಡಲಿಲ್ಲ, ಮಳೆಯನ್ನು ನೋಡಿ ಮಾಡಿದರು. ಇಬ್ಬರು ಸೈಕಲ್ ಸವಾರರು ಗುದ್ದಿಕೊಂಡರೆ ಅದೂ ಅಲ್ಲ, ಅದು ಕಲ್ಲು ಉರುಳಿದ ಹಾಗೆ ಆದ ಘಟನೆ. ಆದರೆ ಗುದ್ದುವ ಮೊದಲು ಒಬ್ಬರನ್ನೊಬ್ಬರು ತಪ್ಪಿಸಲು ಹ್ಯಾಂಡಲ್ ತಿರುಗಿಸಿದರಲ್ಲ, ಬಿದ್ದ ಮೇಲೆ ಬೈದಾಡಿದರಲ್ಲ, ಅಥವಾ ‘ಪೆಟ್ಟಾಯ್ತೇನಪ್ಪಾ’ ಅಂದುಕೊಂಡರಲ್ಲ, ಅದು ಸಾಮಾಜಿಕ ಕ್ರಿಯೆ. ಮಾಡುವವನಿಗೆ ಅದರಲ್ಲಿ ಒಂದು ಅರ್ಥವಿರಬೇಕು, ಆ ಅರ್ಥದಲ್ಲಿ ಇನ್ನೊಬ್ಬ ಮನುಷ್ಯ ಇರಬೇಕು. ಆ ಅರ್ಥವನ್ನು ಹಿಡಿಯುವ ಕೆಲಸಕ್ಕೆ ಜರ್ಮನ್ ಭಾಷೆಯಲ್ಲಿ ‘ಫೆರ್‌ಶ್ಟೇಹೆನ್’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ, ಅರ್ಥ ಮಾಡಿಕೊಳ್ಳುವುದು. ಅಷ್ಟೇ. ದೊಡ್ಡ ಶಬ್ದವೇನೂ ಅಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೈರು ಕೊಯ್ಯುವವನ ಲೆಕ್ಕ. ಇದನ್ನು ವೆಬರ್ 1904–05ರಲ್ಲಿ ಪ್ರಕಟಿಸಿದ, ಪ್ರಾಟೆಸ್ಟೆಂಟ್ ಧರ್ಮ ಮತ್ತು ಬಂಡವಾಳಶಾಹಿಯ ಕುರಿತ ಬರಹದಲ್ಲಿ ಕೊಡುತ್ತಾನೆ. ಕೊಯ್ಲಿನ ಕಾಲ. ಮಳೆ ಯಾವಾಗ ಬರುತ್ತದೋ, ಬೇಗ ಮುಗಿಯಬೇಕು. ಯಜಮಾನ ಗುತ್ತಿಗೆ ದರ ಏರಿಸುತ್ತಾನೆ, ದುಡ್ಡಿನಾಸೆಗೆ ಜಾಸ್ತಿ ಕೊಯ್ಯಲಿ ಎಂದು. ಒಂದು ಅಳತೆ ಹೊಲಕ್ಕೆ ಒಂದು ಮಾರ್ಕ್ ಇದ್ದಾಗ ಆ ಕೂಲಿಯವನು ದಿನಕ್ಕೆ ಎರಡೂವರೆ ಅಳತೆ ಕೊಯ್ದು ಎರಡೂವರೆ ಮಾರ್ಕ್ ಒಯ್ಯುತ್ತಿದ್ದ. ದರ ಒಂದೂಕಾಲು ಮಾರ್ಕ್ ಆಯಿತು. ಮೂರು ಅಳತೆ ಕೊಯ್ದಿದ್ದರೆ ಮೂರೂಮುಕ್ಕಾಲು ಮಾರ್ಕ್ ಸಿಗುತ್ತಿತ್ತು. ಅವನು ಏನು ಮಾಡಿದ? ಎರಡೇ ಅಳತೆ ಕೊಯ್ದು, ಎಂದಿನ ಎರಡೂವರೆ ಮಾರ್ಕ್ ಎಣಿಸಿಕೊಂಡು ಮನೆಗೆ ಹೋದ.

ಯಜಮಾನ ತಲೆ ಚಚ್ಚಿಕೊಂಡಿರಬೇಕು. ಸೋಮಾರಿ ಅಂದಿರಬೇಕು. ವೆಬರ್ ಹೇಳುತ್ತಾನೆ, ಅವನ ಪ್ರಶ್ನೆಯೇ ಬೇರೆ ಇತ್ತು. ‘ಮೈಮುರಿದು ದುಡಿದರೆ ಎಷ್ಟು ಸಿಗಬಹುದು’ ಎಂದು ಅವನು ಕೇಳಿಕೊಳ್ಳಲಿಲ್ಲ. ‘ನನ್ನ ಎಂದಿನ ಖರ್ಚಿಗೆ ಎಷ್ಟು ದುಡಿದರೆ ಸಾಕು’ ಎಂದು ಕೇಳಿಕೊಂಡ. ಯಜಮಾನನ ಲೆಕ್ಕದಲ್ಲಿ ದಡ್ಡತನ, ಅವನ ಲೆಕ್ಕದಲ್ಲಿ ಸರಿಯಾಗಿದೆ. ಉಳಿದ ಹೊತ್ತು ಅವನದು. (ನಾವು ಸ್ಟ್ರಿಂಗರ್‌ಗಳೂ ಗುತ್ತಿಗೆಯವರೇ, ಸುದ್ದಿಗೆ ಇಷ್ಟು ಅಂತ. ನಮ್ಮ ದರ ಏರಿಸಿದರೆ ನಾವು ಹೆಚ್ಚು ಬರೆಯುತ್ತೇವೋ ಕಡಿಮೆ ಬರೆಯುತ್ತೇವೋ ಎಂದು ಪರೀಕ್ಷೆ ಮಾಡಲು ಇನ್ನೂ ಯಾರೂ ಮುಂದೆ ಬಂದಿಲ್ಲ.)

ಹಾಗಾದರೆ ಕೂಲಿ ಇಳಿಸಿದರೆ ಹೊಟ್ಟೆಪಾಡಿಗಾಗಿ ಹೆಚ್ಚು ದುಡಿಯುತ್ತಾರಲ್ಲವೇ ಎಂದು ಯೋಚಿಸಿದ ಮಾಲೀಕರೂ ಇದ್ದರು. ಕೈಚಳಕ, ನಿಗಾ ಬೇಕಾದ ಕೆಲಸದಲ್ಲಿ ಅದು ನಡೆಯುವುದಿಲ್ಲ ಎಂದು ವೆಬರ್ ಅದನ್ನೂ ತಳ್ಳಿಹಾಕಿದ.

ಪರೀಕ್ಷೆಗೆ ಬರುವ ಆ ನಾಲ್ಕು ವಿಧಗಳು ಇಲ್ಲಿಂದ ನೋಡಿದರೆ ಸುಲಭ. ಲಾಭ ನಷ್ಟ ತೂಗಿ ಮಾಡುವುದು ಒಂದು. ಇದು ಸರಿ, ಏನಾದರಾಗಲಿ ಮಾಡಬೇಕು ಎಂಬ ನಂಬಿಕೆಯಿಂದ ಮಾಡುವುದು ಒಂದು. ಸಿಟ್ಟು, ಪ್ರೀತಿ, ದುಃಖ ಉಕ್ಕಿ ಮಾಡುವುದು ಇನ್ನೊಂದು. ಹಿಂದಿನಿಂದ ಹೀಗೇ ಬಂದಿದೆ ಎಂದು ಮಾಡುವುದು ಮತ್ತೊಂದು. ಯಾವ ಮನುಷ್ಯನೂ ಪೂರ್ತಿ ಒಂದರಲ್ಲೇ ಕೂರುವುದಿಲ್ಲ ಎಂದು ವೆಬರ್‌ಗೂ ಗೊತ್ತಿತ್ತು. ಇವು ಅಳತೆಗೋಲುಗಳು ಮಾತ್ರ. ಗೋಲಿಗೆ ತಕ್ಕಂತೆ ಮನುಷ್ಯನನ್ನು ಕತ್ತರಿಸಬಾರದು. ಗೈಡುಗಳು ಮಾಡುವುದು ಅದನ್ನೇ.

ಇಷ್ಟು ಕೇಳಿದರೆ, ‘ಓಹೋ, ಹಾಗಾದರೆ ಹೋಗಿ ಕೂಲಿಯವರನ್ನು ಕೇಳಿದರೆ ಮುಗಿಯಿತು, ಅವರು ಹೇಳಿದ್ದೇ ಸತ್ಯ’ ಎಂದು ಅನ್ನಿಸಬಹುದು. ವೆಬರ್ ಅಷ್ಟು ಸಲೀಸಾಗಿ ಬಿಡುವವನಲ್ಲ. ಮನುಷ್ಯ ತನ್ನ ಕೆಲಸಕ್ಕೆ ತಾನು ಕೊಡುವ ಕಾರಣ ಎಷ್ಟೋ ಸಲ ನಿಜವಾದ ಕಾರಣವನ್ನು ಅವನಿಂದಲೇ ಮುಚ್ಚಿಡುತ್ತದೆ ಎಂದು ಆತ ಬರೆದಿದ್ದಾನೆ. ಅದಕ್ಕೇ ಎರಡು ಕೆಲಸ ಜೊತೆಯಾಗಿ ನಡೆಯಬೇಕು. ಒಂದು, ಆ ಮನುಷ್ಯನ ಜಾಗದಿಂದ ನೋಡಿದರೆ ಕಾರಣ ಹೊಂದುತ್ತದಾ? ಎರಡು, ಹೊರಗಿನ ಅಂಕಿ, ದಾಖಲೆ, ಬೇರೆ ಊರಿನ ಹೋಲಿಕೆ ಅದನ್ನು ಹೌದು ಅನ್ನುತ್ತವಾ? ಕೂಲಿಯವರಿಗೆ ಸ್ವಾತಂತ್ರ್ಯ ಬೇಕಿತ್ತು ಎಂದು ಕಲ್ಪಿಸಿಕೊಂಡರೆ ಸಾಲದು. ಒಳ್ಳೆಯ ಭೂಮಿಯ ಕಡೆಯಿಂದಲೇ ಜನ ಹೋದರು ಎಂಬ ಜನಗಣತಿ ಪಕ್ಕಕ್ಕೆ ಬೇಕು. ಬರೀ ಜನಗಣತಿ ಇದ್ದರೂ ಸಾಲದು, ಅದು ಎಲ್ಲಿಂದ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಇನ್ನೊಬ್ಬನನ್ನು ಅರ್ಥ ಮಾಡಿಕೊಳ್ಳಲು ಅವನೇ ಆಗಬೇಕಿಲ್ಲ ಎಂದೂ ಆತ ಹೇಳಿದ. ಕೊಲೆಗಾರನ ಮನಸ್ಸು ತಿಳಿಯಲು ಕೊಲೆ ಮಾಡಬೇಕಿಲ್ಲ. ತಿಳಿದ ಮಾತ್ರಕ್ಕೆ ಕೊಲೆಯನ್ನು ಒಪ್ಪಿದಂತೆಯೂ ಅಲ್ಲ.

ಫ್ರೀ ಅಕ್ಕಿಯ ಮಾತಿಗೆ ಇದನ್ನು ಹಚ್ಚಿ ನೋಡಿ. ‘ಅಕ್ಕಿ ಬಂತು, ಸೋಮಾರಿಯಾದರು’ ಎನ್ನುವುದು ಒಂದು ಊಹೆ. ಕೆಲವು ಮನೆಗಳಲ್ಲಿ ನಿಜವೂ ಇರಬಹುದು, ನಾನು ಅಲ್ಲ ಅನ್ನುವುದಿಲ್ಲ. ಆದರೆ ಬಿಟ್ಟ ಹೆಂಗಸಿನ ಕಡೆಯಿಂದ ನೋಡಿದರೆ ಇನ್ನೂ ಎಷ್ಟು ಸಾಧ್ಯತೆಗಳಿವೆ. ಮನೆಯಲ್ಲಿ ಅಕ್ಕಿ ಇರುವುದರಿಂದ ‘ಅಷ್ಟಕ್ಕೆ ಬರಲ್ಲ, ಇಷ್ಟು ಕೊಟ್ಟರೆ ಬರ್ತೀನಿ’ ಎನ್ನುವ ಧೈರ್ಯ ಬಂದಿರಬಹುದು. ಹಿಂದೆ ಬಿಟ್ಟಿ ಚಾಕರಿಯೂ ಕೂಲಿಯ ಜೊತೆಗೇ ಅಂಟಿಕೊಂಡಿತ್ತು, ಅದು ಬೇಡವಾಗಿರಬಹುದು. ಆಕೆ ಈಗ ಪೇಟೆಯಲ್ಲಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಿರಬಹುದು, ಅಂದರೆ ಸೋಮಾರಿಯಲ್ಲ, ಇಲ್ಲಿ ಇಲ್ಲ, ಅಷ್ಟೇ. ಸೊಂಟ ನೋವಿರಬಹುದು. ಇದರಲ್ಲಿ ಯಾವುದು ನಿಜ ಎಂದು ನಾನು ಕುರ್ಚಿಯಲ್ಲಿ ಕೂತು ಹೇಳಲಾರೆ. ಹೇಳಬಾರದು ಎಂಬುದೇ ನನ್ನ ಮಾತು. ‘ಸೋಮಾರಿ’ ಎನ್ನುವುದು ಕಾರಣವಲ್ಲ, ಕೂಲಿ ಕೊಡುವವನ ಕಡೆಯಿಂದ ಬಂದ ಬೈಗುಳ. ‘ಆಳು ಸಿಗ್ತಿಲ್ಲ’ ಎಂಬ ವಾಕ್ಯವೂ ಅಷ್ಟೇ. ಸಿಗಬೇಕಾದ ವಸ್ತು ಸಿಗಲಿಲ್ಲ ಎನ್ನುವ ಧಾಟಿ. ಬರಲಿಲ್ಲ ಎಂದಾದರೂ ಬರೆದರೆ ಬರುವ, ಬಾರದಿರುವ ಒಬ್ಬ ಮನುಷ್ಯ ವಾಕ್ಯದಲ್ಲಿ ಇರುತ್ತಾನೆ.

ವೆಬರ್ ದೇವರಲ್ಲ, ಇದನ್ನೂ ಹೇಳಬೇಕು. ಜರ್ಮನ್ ಕೂಲಿಯವನು ಯಾಕೆ ಹೋದ ಎಂದು ಅಷ್ಟು ಒಳಗಿನಿಂದ ನೋಡಿದ ಆತ, ಅವನ ಜಾಗಕ್ಕೆ ಬಂದ ಪೋಲಿಷ್ ಕೂಲಿಯವನ ವಿಷಯದಲ್ಲಿ ಹಾಗೆ ನೋಡಲಿಲ್ಲ. 1895ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ಪೋಲಿಷರು ಕಡಿಮೆಯಲ್ಲಿ ಬದುಕುವುದು ಅವರ ಜನಾಂಗದ ಗುಣ ಎಂಬ ಧಾಟಿಯಲ್ಲಿ ಮಾತಾಡಿದ, ಪೂರ್ವದ ಗಡಿ ಮುಚ್ಚಬೇಕು ಎಂದ. ರಾಷ್ಟ್ರಾಭಿಮಾನ ತಲೆಗೆ ಏರಿತ್ತು. ಗಡಿ ದಾಟಿ ಬಂದು, ಅರ್ಧ ವರ್ಷ ಕೊಟ್ಟಿಗೆಯಂಥ ಜಾಗದಲ್ಲಿ ಮಲಗಿ, ದುಡ್ಡು ಕಟ್ಟಿಕೊಂಡು ಊರಿಗೆ ಹೋಗಿ ಒಂದು ತುಂಡು ಭೂಮಿ ಕೊಳ್ಳುವ ಆಸೆ ಆ ಪೋಲಿಷ್ ಕೂಲಿಗೂ ಇದ್ದಿರಬಾರದೇ? ಹೊರಗಿನಿಂದ ನಮ್ಮೂರ ಕೆಲಸಕ್ಕೆ ಬರುವವರ ಬಗ್ಗೆ ನಾವು ಬರೆಯುವಾಗಲೂ ಪೆನ್ನು ಇದೇ ಜಾಗದಲ್ಲಿ ಜಾರುತ್ತದೆ.

ನಮ್ಮ ನಾಡಿನ ಬಗ್ಗೆಯೂ ಆತ ಬರೆದಿದ್ದಾನೆ. 1916–17ರಲ್ಲಿ ಹಿಂದೂ ಮತ್ತು ಬೌದ್ಧ ಧರ್ಮಗಳ ಮೇಲೆ ಪ್ರಕಟಿಸಿದ ಬರಹದಲ್ಲಿ ಲಿಂಗಾಯತರ ಪ್ರಸ್ತಾಪ ಇದೆ, ಬ್ರಾಹ್ಮಣರ ಮತ್ತು ಜಾತಿ ವ್ಯವಸ್ಥೆಯ ವಿರುದ್ಧ ಎದ್ದ ತೀಕ್ಷ್ಣವಾದ ‘ಪ್ರಾಟೆಸ್ಟೆಂಟ್’ ಬಗೆಯ ಪ್ರತಿಭಟನೆ ಎಂದು. ಆದರೆ ವೆಬರ್ ಭಾರತಕ್ಕೆ ಬಂದವನಲ್ಲ. ಬ್ರಿಟಿಷರ ಜನಗಣತಿ ವರದಿಗಳು, ಅನುವಾದವಾದ ಗ್ರಂಥಗಳು, ಬೇರೆ ವಿದ್ವಾಂಸರ ಪುಸ್ತಕಗಳು, ಇವೇ ಆಧಾರ. ಮಾಡುವವನ ಅರ್ಥವನ್ನು ಹಿಡಿಯಬೇಕು ಎಂದ ಮನುಷ್ಯ, ನಮ್ಮ ವಿಷಯಕ್ಕೆ ಬಂದಾಗ ಆಳುವವರು ತುಂಬಿದ ಫಾರಂ ಓದಿ ಬರೆದ. 1892ರ ಜಮೀನ್ದಾರರ ಉತ್ತರಗಳಂತೆಯೇ ಇದು. ಬರುವ ಅನುಕೂಲ ಇರಲಿಲ್ಲ ಎಂದು ಬೇಕಾದರೆ ಮಾಫಿ ಮಾಡೋಣ.

ಆ ಕೊರತೆ ತುಂಬಿದವರಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಒಬ್ಬರು. ಪುಸ್ತಕದಿಂದ ಕಾಣುವ ಭಾರತ ಬೇರೆ, ಹೊಲದ ಬದುವಿನ ಮೇಲೆ ನಿಂತಾಗ ಕಾಣುವ ಭಾರತ ಬೇರೆ ಎಂಬುದನ್ನು ಅವರು ಜೀವಮಾನವಿಡೀ ಹೇಳಿದರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದರು. ಬರವಣಿಗೆಯಲ್ಲಿ ಆ ಊರಿಗೆ ‘ರಾಂಪುರ’ ಎಂದು ಬೇರೆ ಹೆಸರು ಕೊಟ್ಟರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿಯಲ್ಲಿ ಟಿಪ್ಪಣಿಗಳು ಸುಟ್ಟುಹೋದವು. ಆದರೂ ನೆನಪಿನಿಂದಲೇ ಆ ಊರಿನ ಬಗ್ಗೆ ಪುಸ್ತಕ ಬರೆದರು, 1976ರಲ್ಲಿ ಅದು ಹೊರಬಂತು. ಊರಲ್ಲಿ ಇದ್ದು ಕಂಡದ್ದಕ್ಕೆ ಇರುವ ತಾಕತ್ತು ಅದು. ಫೋನಿನಲ್ಲಿ ಕೇಳಿದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ.

ನಮಗೆ ವರ್ಷಗಟ್ಟಲೆ ಊರಲ್ಲಿ ಕೂರಲು ಆಗುವುದಿಲ್ಲ, ಗೊತ್ತು. ಸಂಜೆ ಆರಕ್ಕೆ ಸುದ್ದಿ ಡೆಸ್ಕಿಗೆ ಹೋಗಬೇಕು. ಪೆಟ್ರೋಲಿನ ದುಡ್ಡು ನಮ್ಮದೇ. ಕೂಲಿಯವರು ಹಗಲು ಮನೆಯಲ್ಲಿ ಇರುವುದಿಲ್ಲ, ಯಜಮಾನರ ಎದುರಿಗೆ ಬಾಯಿ ಬಿಡುವುದಿಲ್ಲ, ಬಿಟ್ಟರೂ ‘ಹೆಸರು ಹಾಕಬೇಡಿ ಸಾರ್’ ಅನ್ನುತ್ತಾರೆ. ಅದೇ ಯಜಮಾನರು ಫೋನ್ ಎತ್ತಿದ ತಕ್ಷಣ ಹತ್ತು ನಿಮಿಷ ಮಾತಾಡುತ್ತಾರೆ, ಫೋಟೊ ಕೂಡ ವಾಟ್ಸ್ಆಪ್ ಮಾಡುತ್ತಾರೆ. ಸುದ್ದಿ ಒಂದು ಕಡೆಗೆ ವಾಲುವುದು ಯಾರದೋ ಪಿತೂರಿಯಿಂದಲ್ಲ, ಹೆಚ್ಚಾಗಿ ಈ ಸಲೀಸಿನಿಂದ.

ಹಾಗಾಗಿ ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದು ಕೇಳಿಕೆ. ನೀವಾಗಲಿ, ನಿಮ್ಮ ಅವ್ವನಾಗಲಿ, ಅಕ್ಕನಾಗಲಿ ಹೊಲದ ಕೂಲಿಗೆ ಹೋಗುವುದನ್ನು ಬಿಟ್ಟಿದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಹೆಸರು ಬೇಡ. ಯಾರ ಹೊಲ ಅಂತಲೂ ಬೇಡ. ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕಿತ್ತು, ಕೂಲಿ ಅವತ್ತೇ ಕೊಡುತ್ತಿದ್ದರಾ, ಹೊಲದ ಕೆಲಸ ಮುಗಿದ ಮೇಲೆ ಮನೆ ಕೆಲಸವನ್ನೂ ಹೇಳುತ್ತಿದ್ದರಾ, ಕುಡಿಯುವ ನೀರನ್ನು ಯಾವ ಲೋಟದಲ್ಲಿ ಕೊಡುತ್ತಿದ್ದರು, ಈಗ ಎಲ್ಲಿಗೆ ಹೋಗುತ್ತಿದ್ದೀರಿ, ಅಷ್ಟು ಹೇಳಿ. ಇನ್ನೂ ಹೋಗುತ್ತಿರುವವರೂ ಕಳಿಸಿ. ಯಜಮಾನರು ಕಳಿಸಿದರೂ ಕೇಳುತ್ತೇನೆ. ಈ ಸುಗ್ಗಿಯ ‘ಆಳಿನ ಕೊರತೆ’ ಸುದ್ದಿಯನ್ನು ಅವನ್ನೆಲ್ಲ ಕೇಳಿಸಿಕೊಂಡ ಮೇಲೆ ಬರೆಯುವುದೆಂದು ಇಟ್ಟುಕೊಂಡಿದ್ದೇನೆ.